ಡ್ಯಾನ್ಸ್ ಜರ್ನಲ್‌ಗೆ 600 ರೂಪಾಯಿ ಬೇಡ, ಮಕ್ಕಳ ಚೌಕುಳಿ ಬುಕ್ ಸಾಕು (ಆರು ತಿಂಗಳು ಬಳಸಿದ ಮೇಲೆ)

ಇದು ಭರತನಾಟ್ಯ ಕಲಿಯೋರಿಗೆ, ಅದ್ರಲ್ಲೂ ನನ್ ಥರ ಮದುವೆ ಮಕ್ಕಳು ಎಲ್ಲ ಆದ್ಮೇಲೆ ಮತ್ತೆ ಗೆಜ್ಜೆ ಕಟ್ಟಿದೋರಿಗೆ ಬರೀತಿರೋ ರಿವ್ಯೂ. ಜೂನಿಯರ್ ಪರೀಕ್ಷೆ ಸ್ಕೂಲಲ್ಲಿದ್ದಾಗ್ಲೇ ಪಾಸಾಗಿತ್ತು, ಈಗ 17 ವರ್ಷ ಆದ್ಮೇಲೆ ಸೀನಿಯರ್‌ಗೆ ಕೂರೋಣ ಅಂತ ಹೊರಟಿದ್ದೀನಿ, ಆದ್ರೆ ಕ್ಲಾಸಲ್ಲಿ ಹೇಳಿದ್ದು ಮನೆ ಗೇಟ್ ದಾಟೋಷ್ಟರಲ್ಲಿ ಮರ್ತು ಹೋಗತ್ತೆ. ಅದಕ್ಕೇ ಜರ್ನಲ್ ಇಡೋ ಯೋಚನೆ ಬಂದಿದ್ದು.

ಮೊದ್ಲು ಆನ್‌ಲೈನಲ್ಲಿ ಡ್ಯಾನ್ಸರ್ಸ್ ಜರ್ನಲ್ ಅಂತಾನೇ ಪ್ರಿಂಟ್ ಆಗಿರೋದನ್ನ 600 ಕೊಟ್ಟು ತರಿಸ್ದೆ. ಕಂಪನಿ ಹೆಸರು ಬೇಡ ಬಿಡಿ. ದಪ್ಪ ಹಾಳೆ, ಚೆಂದದ ರಟ್ಟು, ಪುಟಪುಟಕ್ಕೂ ಬ್ಯಾಲೆ ಶೂ ಚಿತ್ರ, ನಾವೋ ಬರಿಗಾಲಲ್ಲಿ ಕುಣಿಯೋರು. ಇವತ್ತು ನಿಮ್ಮ ದೇಹಕ್ಕೆ ಥ್ಯಾಂಕ್ಸ್ ಹೇಳಿದ್ರಾ, ಮೂಡ್ ಹೇಗಿತ್ತು ಅಂತೆಲ್ಲ ಪ್ರಶ್ನೆ. ಅರೆಮಂಡಿ, ಅಂದ್ರೆ ಮಂಡಿ ಬಗ್ಗಿಸಿ ಅರ್ಧ ಕೂತು ಕೂತು ತೊಡೆ ಉರೀತಿರೋವಾಗ ಮೂಡ್ ಏನಿರತ್ತೆ? ತಾಳ ಬರೆಯೋಕೆ ಜಾಗಾನೇ ಇಲ್ಲ. ಒಂಬತ್ತನೇ ದಿನಕ್ಕೆ ಬೀರು ಸೇರ್ತು, ಈಗ ಹಾಲಿನ ಲೆಕ್ಕಕ್ಕೆ ಆಗ್ತಿದೆ.

ಆಮೇಲೆ ಒಂದಿನ ಅರ್ಜೆಂಟಲ್ಲಿ ಮಗನ ಲೆಕ್ಕದ ಬುಕ್ಕಿನ ಕೊನೆ ಹಾಳೇಲಿ ಜತಿ (ಕುಣಿತದ ಸೊಲ್ಲುಗಳು) ಬರ್ಕೊಂಡೆ ನೋಡಿ, ಅಲ್ಲಿಂದ ಶುರು. ಚೌಕುಳಿ ಇರೋ ಲಾಂಗ್ ಸೈಜ್ ಬುಕ್, ಅವೆನ್ಯೂ ರೋಡಲ್ಲಿ 55 ರೂಪಾಯಿಗೆ ಒಂದು ಸಿಕ್ತು. ಒಂದು ಚೌಕ ಅಂದ್ರೆ ಒಂದು ಮಾತ್ರೆ, ಅಂದ್ರೆ ತಾಳದ ಚಿಕ್ಕ ಎಣಿಕೆ. ಆದಿತಾಳಕ್ಕೆ 8 ಅಕ್ಷರ (ಕೈಯಲ್ಲಿ ಹಾಕೋ ಎಣಿಕೆ), ಚತುರಶ್ರ ನಡೆ, ಅಂದ್ರೆ ನಾಲ್ಕರ ನಡಿಗೆ ಆದ್ರೆ ಅಕ್ಷರಕ್ಕೆ 4 ಮಾತ್ರೆ, ಒಟ್ಟು 32. ಮೇಲಿನ ಸಾಲಲ್ಲಿ 16 ಚೌಕ ಲಘು (ತಾಳದ ಮೊದಲ 4 ಅಕ್ಷರ), ಕೆಳಗಿನ ಸಾಲಲ್ಲಿ 16 ಚೌಕ ಎರಡು ದ್ರುತ (ಎರಡೆರಡು ಅಕ್ಷರ), ಅಲ್ಲಿಗೆ ಒಂದು ಆವರ್ತ, ಅಂದ್ರೆ ತಾಳದ ಒಂದು ಸುತ್ತು ಮುಗೀತು. ಇಷ್ಟು ಸರಿಯಾಗಿ ಕೂರೋ ಬುಕ್ಕನ್ನ ಒಂದನೇ ಕ್ಲಾಸ್ ಮಕ್ಕಳಿಗೆ ಕೂಡೋದು ಕಳೆಯೋದಕ್ಕೆ ಅಂತ ಕೊಡ್ತಿದ್ದಾರಲ್ಲ!

ಇದರ ನಿಜವಾದ ಲಾಭ ಗೊತ್ತಾಗಿದ್ದು ಜತಿಸ್ವರ ಅನ್ನೋ ನೃತ್ಯದಲ್ಲಿ. ಅದ್ರಲ್ಲಿ ಒಂದು ಕಡೆ ತದಿಗಿಣತೊಂ ಅನ್ನೋ ಐದು ಮಾತ್ರೆ ಸೊಲ್ಲು ಮೂರು ಸಲ ಬಂದು ಸಮಕ್ಕೆ, ಅಂದ್ರೆ ಮುಂದಿನ ಸುತ್ತಿನ ಮೊದಲ ಎಣಿಕೆಗೆ ಬೀಳ್ಬೇಕು. ನಾನು ಪ್ರತಿ ಸಲಾನೂ ಮುಂಚೆ ಹೋಗಿ ನಿಂತ್ಕೊಳ್ತಿದ್ದೆ. ಟೀಚರ್ "ಓಡ್ಬೇಡ, ಓಡ್ಬೇಡ" ಅಂತ ಕೋಲು ತಟ್ಟಿ ತಟ್ಟಿ ಸಾಕಾದ್ರು, ನಾನು ಸ್ಪೀಡ್ ಜಾಸ್ತಿ ಆಗ್ತಿದೆ ಅನ್ಕೊಂಡು ನಿಧಾನ ಮಾಡ್ದೆ, ಆಗ ಎಲ್ಲಾನೂ ಕೆಡ್ತು. ಮನೇಲಿ ಚೌಕಕ್ಕೆ ಬರೆದಾಗ ಕಾಣಿಸ್ತು: ಐದು ಮೂರ್ಲಿ 15, ಆದ್ರೆ ದ್ರುತದ ಸಾಲಲ್ಲಿ ಇರೋದು 16 ಚೌಕ. ಅಂದ್ರೆ ಮೊದಲನೇ ಚೌಕ ಖಾಲಿ ಬಿಟ್ಟು ಎತ್ಕೋಬೇಕು. ನಾನು ಎರಡು ತಿಂಗಳಿಂದ ಆ ಖಾಲಿ ಚೌಕಾನೇ ನುಂಗ್ತಿದ್ದೆ. ಮಾರನೇ ಕ್ಲಾಸಲ್ಲಿ ಸರಿ ಹೋಯ್ತು, ಟೀಚರ್ ಏನೂ ಹೇಳ್ಲಿಲ್ಲ, ಮುಂದಿನ ಕೋರ್ವೆಗೆ (ಅಡವುಗಳ ಜೋಡಣೆಗೆ) ಹೋದ್ರು, ಅದೇ ದೊಡ್ಡ ಸರ್ಟಿಫಿಕೇಟು.

ಇನ್ನೊಂದು ಅಭ್ಯಾಸ, ದಿನಾ ಕೆಳಗಡೆ ಕೆಂಪು ಪೆನ್ನಲ್ಲಿ ಟೀಚರ್ ಏನು ತಿದ್ದಿದ್ರೋ ಅದು ಒಂದೇ ಸಾಲು. ಮೂರು ತಿಂಗಳು ಆದ್ಮೇಲೆ ಸುಮ್ನೆ ಹಿಂದೆ ತಿರುಗಿಸಿದ್ರೆ "ಎಡ ಮೊಣಕೈ ಇಳೀತಿದೆ" ಅಂತ 19 ಸಲ ಬರೆದಿದ್ದೀನಿ, ಓದಿ ನಾಚಿಕೆ ಆಯ್ತು. ಮೊಬೈಲಲ್ಲಿ ವಿಡಿಯೋ ಇದೆಯಲ್ಲ ಅಂತೀರಾ? ಇದೆ, ರಾಶಿ ಇದೆ, ಒಂದನ್ನೂ ತೆಗೆದು ನೋಡಿಲ್ಲ.

ಹಸ್ತಗಳಿಗೆ, ಅಂದ್ರೆ ಕೈ ಮುದ್ರೆಗಳಿಗೆ ಮಾತ್ರ ಶಾರ್ಟ್‌ಕಟ್ ಮಾಡೋವಾಗ ಹುಷಾರು. ಅಭಿನಯ ದರ್ಪಣ ಅನ್ನೋ ಹಳೇ ನಾಟ್ಯ ಗ್ರಂಥದ 28 ಅಸಂಯುತ (ಒಂದೇ ಕೈಯ) ಹಸ್ತದಲ್ಲಿ ಕರ್ತರೀಮುಖ, ಕಪಿತ್ಥ, ಕಟಕಾಮುಖ, ಕಾಂಗೂಲ ಎಲ್ಲ ಕ ಗುಂಪೇ. ಬರೀ ಕ ಅಂತ ಬರೆದು ಮಾರನೇ ದಿನ ಕೃಷ್ಣನ ಕೈಗೆ ಯಾವ ಹಸ್ತ ಅಂತ ಗೊತ್ತಾಗ್ದೆ ಕೂತಿದ್ದೀನಿ. ಈಗ ಪಕ್ಕದಲ್ಲಿ ಕಡ್ಡಿ ಗೊಂಬೆ ಬರೀತೀನಿ. ಯುರೋಪಲ್ಲಿ ಲಾಬಾನ್ ಅನ್ನೋರು 1928ರಲ್ಲೇ ಕುಣಿತ ಬರೆಯೋಕೆ ಅಂತ ಒಂದು ಲಿಪಿ ಪ್ರಕಟಿಸಿದ್ರು, ಅದನ್ನೂ ಕಲಿಯೋಣ ಅಂತ ಹೋಗಿ ಎರಡು ದಿನಕ್ಕೆ ಕೈ ಮುಗ್ದೆ.

ಬುಕ್ಕಿನ ಕೊರತೆನೂ ಹೇಳ್ಬೇಕಲ್ಲ. ಹಾಳೆ ತೆಳು, ಇಂಕ್ ಪೆನ್ ಆಚೆ ಬದಿಗೆ ಇಳಿಯತ್ತೆ, ಬೆವರಿನ ಕೈಗೆ ಜೆಲ್ ಪೆನ್ ಅಂತೂ ಒರೆಸಿದ ಹಾಗಾಗತ್ತೆ, ಪೆನ್ಸಿಲ್ ಇಲ್ಲಾಂದ್ರೆ ಬಾಲ್‌ಪೆನ್ನೇ ಗತಿ. ಪಿನ್ ಹೊಡೆದಿರೋ ಬುಕ್ ನೆಲದ ಮೇಲೆ ಬಿಡಿಸಿಟ್ರೆ ಫ್ಯಾನ್ ಗಾಳಿಗೆ ಮುಚ್ಕೊಳ್ಳತ್ತೆ, ನಾನು ಗೆಜ್ಜೆ ಇಟ್ಟು ಒತ್ತಾಕ್ತೀನಿ. ಸ್ಪೈರಲ್ ತಗೋಬೇಡಿ, ಪ್ರಾಕ್ಟೀಸ್ ಸೀರೆ ದಾರ ಸಿಕ್ಕೊಂಡು ಎಳೀತು ನಂದು. ಥಿಯರಿ ನೋಟ್ಸ್‌ಗೂ ಇದು ಸರಿಯಿಲ್ಲ, ಚೌಕದಲ್ಲಿ ಉದ್ದುದ್ದ ಬರೆದ್ರೆ ಕಣ್ಣು ನೋಯತ್ತೆ, ಅದಕ್ಕೆ ಬೇರೆ ಗೆರೆ ಬುಕ್ ಇಡಿ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮೊನ್ನೆ ಮೂರನೇ ಬುಕ್ ತರೋಕೆ ಹೋದಾಗ ಅಂಗಡಿಯವರು "ಮಗು ಯಾವ ಕ್ಲಾಸಮ್ಮಾ?" ಅಂದ್ರು. ಸೀನಿಯರ್ ಅಂದೆ.