ಮಯೋರ್ಕಾದಲ್ಲಿ ಮಕ್ಕಳ ಜೊತೆ: ಅಲ್ಬುಫೇರಾನೋ, ಕಾಬ್ರೇರಾನೋ?

ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದಾಗ ಕೈಯಲ್ಲಿರುವುದು ಒಂದೇ ದಿನ, ಮಕ್ಕಳು ಚಿಕ್ಕವರು ಎಂದಾದರೆ ನಾನು ಸುಮ್ನೆ ಅಲ್ಬುಫೇರಾ ಅನ್ನುತ್ತೇನೆ. ಇದು ಉತ್ತರದಲ್ಲಿರುವ ಜೌಗು ಪ್ರದೇಶ. 1988ರಿಂದ ಸಂರಕ್ಷಿತ. ದಾರಿ ಪೂರ್ತಿ ಸಮತಟ್ಟು, ಪ್ರವೇಶಕ್ಕೆ ದುಡ್ಡಿಲ್ಲ. ಹಲಗೆಯಿಂದ ಕಟ್ಟಿದ ಮರೆಗಳಲ್ಲಿ ಕೂತು ಹಕ್ಕಿ ನೋಡಬಹುದು. ನಮ್ಮ ಕೆರೆಗಳಲ್ಲಿ ಕಾಣುವ ನೀಲಿ ಜಂಬುಕೋಳಿಯ ಹತ್ತಿರದ ಸಂಬಂಧಿಯೊಂದು ಅಲ್ಲೂ ಇದೆ. ಅದರ ಕೆಂಪು ಕೊಕ್ಕು ನೋಡಿದರೆ ಮಕ್ಕಳಿಗೆ ಗುರುತು ಸಿಗುತ್ತದೆ! ಮಕ್ಕಳಿಗೆ ಬೇಜಾರಾದರೆ ತಕ್ಷಣ ಹೊರಟುಬಿಡಬಹುದು. ಅದು ದೊಡ್ಡ ಅನುಕೂಲ, ಅಲ್ವಾ? ಸೊಳ್ಳೆ ಕ್ರೀಮ್ ಮಾತ್ರ ಮರೆಯಬೇಡಿ.

ಕಾಬ್ರೇರಾ ಮಯೋರ್ಕಾದ ದಕ್ಷಿಣಕ್ಕಿರುವ ಪುಟ್ಟ ದ್ವೀಪ, ಅಲ್ಲಿ ಆ ಅನುಕೂಲ ಇಲ್ಲ. ಮಯೋರ್ಕಾದ ದಕ್ಷಿಣ ತೀರದ ಕೊಲೋನಿಯಾ ದೆ ಸಂತ್ ಜೋರ್ಡಿ ಊರಿಂದ ದೋಣಿ ಹತ್ತಬೇಕು. ವಾಪಸ್ ಬರುವುದೂ ದೋಣಿಯ ಸಮಯಕ್ಕೇ. ನೆರಳು ಕಡಿಮೆ, ನೀರು, ಬುತ್ತಿ, ಟೋಪಿ ಜೊತೆಗಿರಲಿ. ಸಮುದ್ರ ಎದ್ದರೆ ವಾಂತಿ ಮಾಡುವ ಮಕ್ಕಳಿದ್ದಾರಾ? ಎರಡು ಸಲ ಯೋಚಿಸಿ.

ಆದರೆ ಎಂಟು ಹತ್ತು ವರ್ಷದವರಿಗೆ ಇದಕ್ಕಿಂತ ಮಜಾ ಬೇರೆ ಇಲ್ಲ. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ತಿಳಿನೀರಿನ ಕಡಲು. ದೊಡ್ಡ ದ್ವೀಪದಿಂದ ಎಂದೋ ಮರೆಯಾದ ಹಲ್ಲಿ ಜಾತಿಯೊಂದು ಇಲ್ಲಿ ಕಾಲಡಿಯಲ್ಲೇ ಓಡಾಡುತ್ತದೆ. ತಿಂಡಿ ಹಾಕಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. 1809ರಿಂದ 1814ರವರೆಗೆ ನೆಪೋಲಿಯನ್‌ನ ಸಾವಿರಾರು ಸೈನಿಕರನ್ನು ಇಲ್ಲಿ ಸೆರೆ ಇಟ್ಟಿದ್ದರು, ಹಸಿವಿನಿಂದ ಎಷ್ಟೋ ಜನ ಸತ್ತರು. ಆ ಕಥೆ ಎಷ್ಟು ಹೇಳಬೇಕು ಅನ್ನುವುದು ನಿಮಗೆ ಬಿಟ್ಟಿದ್ದು.