ಅಮ್ಮನಿಗೆ ಜಾಲಿ ಬಾಯ್, ನನಗೆ ನೇತ್ರಾಣಿ

ಸ್ನಾರ್ಕೆಲಿಂಗ್‌ಗೆ, ಅಂದರೆ ಮಾಸ್ಕ್ ಮತ್ತು ಉಸಿರಾಡುವ ಕೊಳವೆ ಹಾಕಿಕೊಂಡು ತೇಲುತ್ತಾ ನೀರೊಳಗೆ ನೋಡುವುದಕ್ಕೆ, ಯಾವ ದ್ವೀಪ ಒಳ್ಳೆಯದು ಅಂತ ಗೆಳತಿಯರು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: ಜೊತೆಗೆ ಯಾರು ಬರುತ್ತಾರೆ? ಮುರುಡೇಶ್ವರದ ನೇತ್ರಾಣಿ, ಅಂಡಮಾನಿನ ಜಾಲಿ ಬಾಯ್, ಗೋವಾದ ಗ್ರಾಂಡೆ, ಮೂರಕ್ಕೂ ಹೋಗಿ ಬಂದ ಮೇಲೆ ನನಗೆ ಹೊಳೆದದ್ದು ಇದು. ಮೀನು ಎಲ್ಲಿ ಜಾಸ್ತಿ ಅನ್ನುವುದು ಆಮೇಲಿನ ಮಾತು.

ಗೋವಾದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಡಾಲ್ಫಿನ್ ನೋಡುವುದು, ಗಾಳ ಹಾಕುವುದು, ಹಾಡು, ಊಟ ಎಲ್ಲ ಸೇರಿ ಒಂದೇ ಟಿಕೆಟ್. ನೀರಲ್ಲಿ ಇದ್ದದ್ದು ಹದಿನೈದು ನಿಮಿಷ ಇರಬಹುದು. ನಾವು ಹೋದ ದಿನ ನೀರು ಕಲಕಿತ್ತು, ಚಾಚಿದ ಕೈಯಿಂದ ಆಚೆಗೆ ಬರೀ ಹಸಿರು ಮಬ್ಬು. ಆಫೀಸಿನವರ ಜೊತೆ ಒಂದು ದಿನ ಖುಷಿಯಾಗಿ ಕಳೆಯಲು ಸಾಕು. ಮೀನು, ಹವಳ ನೋಡಬೇಕು ಅಂತಿದ್ದರೆ ಉಳಿದ ಎರಡರಲ್ಲಿ ಒಂದಕ್ಕೆ ಹೋಗಿ.

ನೇತ್ರಾಣಿಗೆ ತಮ್ಮನ ಜೊತೆ ಜನವರಿಯಲ್ಲಿ ಹೋದೆ. ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿದರೆ ಬೆಳಗ್ಗೆ ಮುರುಡೇಶ್ವರ. ಅಲ್ಲಿಂದ ದ್ವೀಪ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದೂವರೆ ಗಂಟೆ. 123 ಅಡಿಯ ಶಿವ ಹಿಂದೆ ಸರಿಯುತ್ತಾ ಸರಿಯುತ್ತಾ ಹೆಬ್ಬೆರಳಿನಷ್ಟಾದ. ಅರ್ಧ ದಾರಿ ದಾಟಿದ ಮೇಲೆ ಬೋಟು ತೂಗಾಡಲು ಶುರುವಾಯಿತು. ಡೀಸೆಲ್ ಹೊಗೆ ಬೇರೆ. ತಮ್ಮ ಎರಡು ಸಲ ವಾಂತಿ ಮಾಡಿದ. ಬೋಟಿನ ಹುಡುಗ ಅವನನ್ನು ಗಾಳಿ ಬರುವ ಕಡೆ ಕೂರಿಸಿ, "ಕೆಳಗೆ ನೋಡಬೇಡಿ, ದೂರದ ಗೆರೆ ನೋಡ್ತಾ ಇರಿ" ಅಂದ. ನಾನು ಹೊರಡುವ ಮುಂಚೆಯೇ ವಾಂತಿಯ ಮಾತ್ರೆ ನುಂಗಿದ್ದೆ, ಏನೂ ಆಗಲಿಲ್ಲ. ತಿಂಡಿಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ.

ನೇತ್ರಾಣಿ ಅಂದರೆ ಸಮುದ್ರದಿಂದ ನೆಟ್ಟಗೆ ಎದ್ದ ಬಂಡೆ, ಮೇಲೆ ಕಾಡು. ಕಾಲಿಡಲು ಮರಳಿನ ದಂಡೆ ಇಲ್ಲ. ನಮ್ಮನ್ನು ದ್ವೀಪಕ್ಕೆ ಹತ್ತಿಸುವುದೂ ಇಲ್ಲ. ಒಂದು ಕಾಲಕ್ಕೆ ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಗುಂಡು ಹಾರಿಸುತ್ತಿದ್ದ ಜಾಗ ಇದು. ಮೀನುಗಾರರು ಮಾತ್ರ ಹರಕೆ ಹೊತ್ತು ಆಡು ತಂದು ಬಿಡುವುದುಂಟು. ಬೋಟು ಲಂಗರು ಹಾಕುತ್ತದೆ, ನಾವು ಅಲ್ಲಿಂದಲೇ ನೀರಿಗೆ ಇಳಿಯಬೇಕು. ಕಾಲ ಕೆಳಗೆ ಮೂರು ನಾಲ್ಕು ಆಳು ನೀರು. ಲೈಫ್ ಜಾಕೆಟ್ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ.

ನನಗೆ ಮೊದಲು ಕೊಟ್ಟ ಮಾಸ್ಕಿನ ರಬ್ಬರ್ ಗಟ್ಟಿಯಾಗಿತ್ತು. ಇಳಿದ ತಕ್ಷಣ ಮೂಗಿನ ಹತ್ತಿರ ಉಪ್ಪುನೀರು ತುಂಬಿತು. ಹಾಗಾದರೆ ಸುಮ್ನೆ ಸಹಿಸಿಕೊಳ್ಳಬೇಡಿ, ಬೇರೆ ಕೇಳಿ. ಬೋಟಿನಲ್ಲೇ ಪರೀಕ್ಷೆ ಮಾಡಬಹುದು: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಸರಿಯಾದ ಅಳತೆ. ಆಮೇಲೆ ಗಾಜಿನ ಒಳಗೆ ಎಂಜಲು ಉಜ್ಜಿ ತೊಳೆದರೆ ಮಂಜು ಕಟ್ಟುವುದಿಲ್ಲ.

ಎರಡನೇ ಮಾಸ್ಕ್ ಹಾಕಿ ತಲೆ ಬಗ್ಗಿಸಿದೆ. ಬಂಡೆ ಇಳಿಜಾರಾಗಿ ನೀಲಿಯೊಳಗೆ ಹೋಗುತ್ತಿತ್ತು. ಹಳದಿ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಬಂದವು. ಎಲ್ಲಿಂದಲೋ ಕರಕರ ಸದ್ದು, ಒಣ ಚಕ್ಕುಲಿ ಮುರಿದ ಹಾಗೆ. ನೋಡಿದರೆ ಗಿಳಿಮೀನು! ಗಿಳಿಯ ಕೊಕ್ಕಿನಂಥ ಹಲ್ಲಿನಲ್ಲಿ ಹವಳದ ಕಲ್ಲು ಕೆರೆದು ಪಾಚಿ ತಿನ್ನುತ್ತಿತ್ತು. ತಿಂದ ಕಲ್ಲಿನ ಪುಡಿ ಅದರ ಹೊಟ್ಟೆಯಿಂದ ಮರಳಾಗಿ ಹೊರಗೆ ಬರುತ್ತದೆ. ಎಷ್ಟೋ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅಮ್ಮನಿಗೆ 63. ಈಜು ಬರುವುದಿಲ್ಲ. ಅವಳನ್ನು ಆ ಬೋಟಿನಿಂದ ಇಳಿಸುವ ಧೈರ್ಯ ನನಗಿಲ್ಲ. ಹಾಗಾಗಿ ಅಂಡಮಾನಿಗೆ ಹೋದಾಗ ಅವಳಿಗಾಗಿಯೇ ಜಾಲಿ ಬಾಯ್ ಆರಿಸಿಕೊಂಡೆ. ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ, ಅಲ್ಲಿಂದ ವಂಡೂರಿಗೆ ಹೋಗಿ ಬೋಟು ಹತ್ತಬೇಕು. ಇದು ರಾಷ್ಟ್ರೀಯ ಸಾಗರ ಉದ್ಯಾನ, ಪರ್ಮಿಟ್ ಬೇಕೇ ಬೇಕು. ಜೆಟ್ಟಿಯಲ್ಲಿ ಚೀಲ ತಪಾಸಣೆ ಮಾಡಿದರು. ಅಮ್ಮ ಚಕ್ಕುಲಿ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಕವರು ಅಲ್ಲೇ ಉಳಿಯಿತು. ಈ ಕಟ್ಟುನಿಟ್ಟು ನನಗೆ ತುಂಬಾ ಹಿಡಿಸಿತು. ನಮ್ಮ ಕರಾವಳಿಯಲ್ಲೂ ಹೀಗೇ ಇರಬೇಕು.

ದಾರಿ ಸಣ್ಣಪುಟ್ಟ ದ್ವೀಪಗಳ ನಡುವೆ, ಹೆಚ್ಚು ಅಲೆಯಿಲ್ಲ. ದ್ವೀಪದಲ್ಲಿ ಜೆಟ್ಟಿ ಇಲ್ಲ. ದೊಡ್ಡ ಬೋಟು ಆಚೆಯೇ ನಿಂತು, ತಳಕ್ಕೆ ಗಾಜು ಹಾಕಿದ ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಇಲ್ಲಿ ದಡದಿಂದ ನಡೆದೇ ನೀರಿಗೆ ಇಳಿಯಬಹುದು. ಅಮ್ಮ ಸೊಂಟದ ನೀರಲ್ಲಿ ಗೈಡ್ ಕೈ ಹಿಡಿದು ನಿಂತು, ಮೂರನೇ ಪ್ರಯತ್ನಕ್ಕೆ ಮುಖ ಮುಳುಗಿಸಿದಳು. ಎದ್ದವಳೇ, "ಒಂದು ಮೀನು ನನ್ನನ್ನೇ ನೋಡ್ತಿತ್ತು ಕಣೇ" ಅಂದಳು. ಆಮೇಲೆ ಅರ್ಧ ಗಂಟೆ ಮೇಲೆ ಬರಲೇ ಇಲ್ಲ.

ಹವಳ ಜಾಲಿ ಬಾಯ್‌ನಲ್ಲೇ ಹತ್ತಿರದಿಂದ ಕಾಣುತ್ತದೆ. ಆದರೆ ಸತ್ತ ಹವಳದ ಕಡ್ಡಿಗಳೂ ತಳದಲ್ಲಿ ರಾಶಿ ಬಿದ್ದಿವೆ. 2010ರಲ್ಲಿ ಸಮುದ್ರ ಕಾದು ಅಂಡಮಾನಿನಲ್ಲಿ ಹವಳ ಬಿಳಿಚಿಕೊಂಡಿತ್ತು, ಎಷ್ಟೋ ಹವಳ ಸತ್ತೂ ಹೋಯಿತು. ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಮಾತ್ರ ಬೆಳೆಯುತ್ತದೆ. ಸುಸ್ತಾಯಿತು ಅಂತ ಒಬ್ಬರು ಅದರ ಮೇಲೇ ನಿಂತದ್ದು ನೋಡಿ ನನಗೆ ಹೊಟ್ಟೆ ಉರಿಯಿತು. ಸುಸ್ತಾದರೆ ಅಂಗಾತ ತೇಲಿ. ದಯವಿಟ್ಟು ನಿಲ್ಲಬೇಡಿ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ವಿಮಾನದ ಟಿಕೆಟ್ ಸೇರಿದರೆ ಜಾಲಿ ಬಾಯ್ ಎಷ್ಟೋ ಪಟ್ಟು ಹೆಚ್ಚು. ಅದೂ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಉಳಿದಾಗ ರೆಡ್ ಸ್ಕಿನ್ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಕೇಳಿಕೊಂಡೇ ಟಿಕೆಟ್ ಮಾಡಿ. ನೇತ್ರಾಣಿಗೆ ಮಳೆಗಾಲದಲ್ಲಿ ಬೋಟಿಲ್ಲ, ಡಿಸೆಂಬರ್ ಜನವರಿಯ ತಿಳಿನೀರು ಚೆನ್ನ. ನೀರಿನ ಭಯ ಇಲ್ಲದವರಿಗೆ ನಾನು ಹೇಳುವುದು ನೇತ್ರಾಣಿಯನ್ನೇ. ಇಷ್ಟು ಹತ್ತಿರ ಇಟ್ಟುಕೊಂಡು ನಮ್ಮವರೇ ಎಷ್ಟೋ ಜನ ನೋಡಿಲ್ಲ ಅಲ್ವಾ?

ಅಮ್ಮ ಈಗ ನೇತ್ರಾಣಿಗೂ ಬರುತ್ತೇನೆ ಅನ್ನುತ್ತಿದ್ದಾಳೆ. ಕಳೆದ ತಿಂಗಳಿಂದ ನಮ್ಮ ಬಡಾವಣೆಯ ಈಜುಕೊಳಕ್ಕೆ ಹೋಗುತ್ತಿದ್ದಾಳೆ. ಅಂಚು ಹಿಡಿಯದೆ ಹತ್ತು ನಿಮಿಷ ತೇಲಿದ ದಿನ ತಮ್ಮನಿಗೆ ಫೋನ್ ಮಾಡಿ ಬೋಟು ಬುಕ್ ಮಾಡಿಸುತ್ತೇನೆ.