ಫೈಲೊಳಗೆ ಫೈಲ್ ಕೂರಿಸುವ ಎಚ್‌ಡಿಎಫ್5 ಮೌಂಟ್: ನಾಲ್ಕು ಸ್ಟಾರ್, ಒಂದು ಸಿಟ್ಟು

ಎಚ್‌ಡಿಎಫ್5 ಅಂದರೆ ರಾಶಿ ಡೇಟಾವನ್ನು ಫೋಲ್ಡರ್ ಥರದ ಗ್ರೂಪ್‌ಗಳಲ್ಲಿ ಜೋಡಿಸಿ ಒಂದೇ ಫೈಲ್‌ನಲ್ಲಿ ಇಡುವ ವಿಧಾನ, ಜೊತೆಗೆ ಅದರ ಲೈಬ್ರರಿ. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಈ ವಿಮರ್ಶೆ ಅದರ ಮೌಂಟ್ ಸೌಲಭ್ಯದ ಬಗ್ಗೆ ಮಾತ್ರ, ಅಂದರೆ ಒಂದು ಫೈಲ್‌ನ ಗ್ರೂಪ್ ಮೇಲೆ ಇನ್ನೊಂದು ಫೈಲನ್ನು ತಾತ್ಕಾಲಿಕವಾಗಿ ಕೂರಿಸುವುದು. ಕೋಲಾರದ ಮಳೆ ಲೆಕ್ಕ ಇಡೋದು ನನ್ನ ಹವ್ಯಾಸ, ಅದಕ್ಕೇ ಇದನ್ನು ಬಳಸುತ್ತಾ ಬಂದಿದ್ದೇನೆ.

ನಮ್ಮಲ್ಲಿ ಮಳೆಯ ದಿನ ಅಂದರೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಆದರೆ ನಾಸಾದ ಉಪಗ್ರಹ ಮಳೆ ಡೇಟಾ ಐಮರ್ಜ್ ಗ್ರೀನಿಚ್ ಸಮಯದಲ್ಲಿ, ಅರ್ಧಗಂಟೆಗೊಂದರಂತೆ ಬರುತ್ತದೆ. ನಮ್ಮ 8:30 ಅಲ್ಲಿ 3 ಗಂಟೆ. ಹಾಗಾಗಿ ಊರಿನ ಒಂದು ದಿನದ ಮಳೆಗೆ ಒಂದು ತಾರೀಖಿನ 42 ಅರ್ಧಗಂಟೆ, ಮರು ತಾರೀಖಿನ 6 ಅರ್ಧಗಂಟೆ ಕೂಡಿಸಬೇಕು. ನಾನು ತಾರೀಖಿಗೊಂದು ಫೈಲ್ ಮಾಡಿ ಇಟ್ಟಿದ್ದೇನೆ. ಎರಡನ್ನೂ ಕಾಪಿ ಮಾಡಿ ಮೂರನೇದು ಮಾಡೋಕೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಜಾಗ ಎಲ್ಲಿದೆ?

ಮಧ್ಯಾಹ್ನ ಮುದ್ದೆ ಉಂಡು ಕೂರುತ್ತೇನೆ. ಐಮರ್ಜ್‌ನ ಅವಸರದ (ಅರ್ಲಿ) ಡೇಟಾ ಸುಮಾರು ನಾಲ್ಕು ಗಂಟೆ ತಡವಾಗಿ ಸಿಗುವುದರಿಂದ ಅಷ್ಟು ಹೊತ್ತಿಗೆ ಬಂದಿರುತ್ತದೆ. ನನ್ನ ದಿನಚರಿ ಫೈಲ್ ತೆರೆದು, ಅದರ 'ನಿನ್ನೆ' ಗ್ರೂಪ್ ಮೇಲೆ ಒಂದು ಫೈಲ್, 'ಇವತ್ತು' ಮೇಲೆ ಇನ್ನೊಂದು. ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಮೌಂಟ್ ಮಾಡಿದ ಹಾಗೇ. ಆಮೇಲೆ ಎಲ್ಲಾ ಒಂದೇ ಫೈಲ್ ಥರ ಓದಬಹುದು. ಮಾಳಿಗೆ ಮೇಲಿನ ಮಳೆಮಾಪಕದ ಅಂಕಿ ಪಕ್ಕದಲ್ಲಿ ಉಪಗ್ರಹದ ಅಂಕಿ ಬಂದು ನಿಲ್ಲುವುದನ್ನು ನೋಡೋದೇ ಒಂದು ಖುಷಿ. ಎರಡೂ ಹೊಂದೋದು ಅಪರೂಪ ಬಿಡಿ. ಉಪಗ್ರಹದ ಒಂದು ಚೌಕ ಸುಮಾರು 11 ಕಿಲೋಮೀಟರ್ ಅಗಲ, ನನ್ನ ಮಳೆಮಾಪಕ ಒಂದು ಅಂಗೈ ಅಗಲ.

ಈಗ ಸಿಟ್ಟು. ಮೌಂಟ್ ಮಾಡಿದ ಗ್ರೂಪ್‌ನಲ್ಲಿ ಮೊದಲೇ ಏನಾದರೂ ಇದ್ದರೆ ಅದು ಕಾಣದೇ ಹೋಗುತ್ತದೆ. ಅಳಿಸುವುದಿಲ್ಲ, ಮುಚ್ಚಿಡುತ್ತದೆ. ಅನ್‌ಮೌಂಟ್ ಮಾಡಿದರೆ ವಾಪಸ್ ಬರುತ್ತದೆ. ಇಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ಆದರೆ ಮೌಂಟ್ ಆಗಿರುವಾಗ ಆ ಗ್ರೂಪ್‌ಗೆ ಬರೆದದ್ದು ದಿನಚರಿಗೆ ಹೋಗಲ್ಲ, ಮೇಲೆ ಕೂತಿರುವ ಫೈಲ್‌ಗೆ ಹೋಗುತ್ತದೆ. ಹೀಗೇ ಮಾಳಿಗೆಯ ಅಂಕಿಗಳು ಉಪಗ್ರಹದ ಫೈಲ್‌ಗಳಲ್ಲಿ ಹಂಚಿಹೋಗಿದ್ದವು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಹುಡುಕಿ ತೆಗೆಯೋಕೆ ಒಂದು ಭಾನುವಾರ ಪೂರ್ತಿ ಹೋಯಿತು. ಇಷ್ಟು ಹಳೆಯ, ಇಷ್ಟು ಜನ ನಂಬಿರುವ ಲೈಬ್ರರಿ ಒಂದು ಮಾತು ಹೇಳಬಾರದಾ?

ಪೈಥಾನ್‌ನಿಂದ ಎಚ್‌ಡಿಎಫ್5 ಓದಿಸುವ ಎಚ್5ಪೈ ಬಳಸುವವರಿಗೆ ಇನ್ನೊಂದು ಕಿರಿಕಿರಿ. ಮೌಂಟ್ ಅದರ ಒಳಪದರದಲ್ಲಿ, ಎಚ್5ಎಫ್ ಅನ್ನೋ ಮಾಡ್ಯೂಲ್‌ನಲ್ಲಿ ಅಡಗಿದೆ. ಎಲ್ಲರೂ ಬಳಸುವ ಫೈಲ್ ಆಬ್ಜೆಕ್ಟ್‌ನಲ್ಲಿ ಸಿಗಲ್ಲ.

ಸ್ನೇಹಿತರು 'ಎಕ್ಸ್‌ಟರ್ನಲ್ ಲಿಂಕ್ ಹಾಕಿ ಸರ್' ಅನ್ನುತ್ತಾರೆ, ಅಂದರೆ ಇನ್ನೊಂದು ಫೈಲ್‌ನತ್ತ ಕೈತೋರಿಸುವ ಗುರುತು. ಹಾಕಿ ನೋಡಿದೆ. ಮೌಂಟ್ ಫೈಲ್ ಮುಚ್ಚಿದರೆ ಹೋಯಿತು, ಲಿಂಕ್ ಫೈಲ್‌ನಲ್ಲೇ ಉಳಿಯುತ್ತದೆ, ನಿಜ. ಆದರೆ ಅದು ನೆನಪಿಟ್ಟುಕೊಳ್ಳುವುದು ಫೈಲ್ ಹೆಸರು, ದಾರಿ ಎರಡನ್ನೇ. ಗುರಿ ಇದೆಯೋ ಇಲ್ಲವೋ ಲಿಂಕ್ ಹಾಕುವಾಗ ನೋಡುವುದೂ ಇಲ್ಲ. ನಾನು ತಿಂಗಳಿಗೊಮ್ಮೆ ಹಳೇ ಫೈಲ್‌ಗಳನ್ನು ಹಾರ್ಡ್‌ಡಿಸ್ಕ್‌ಗೆ ಸಾಗಿಸುವವನು. ಆಮೇಲೆ ತೆರೆದರೆ ಬರೀ ಕೀ ಎರರ್, ಅಂದರೆ ಕೇಳಿದ್ದು ಸಿಗಲಿಲ್ಲ ಅನ್ನುವ ತಕರಾರು. ದಿನಾ ಹೊಸದಾಗಿ ಕೂರಿಸಿ, ಸಂಜೆ ಕಳಚುವ ನನ್ನ ಕೆಲಸಕ್ಕೆ ಮೌಂಟೇ ಸರಿ. ಫೈಲ್‌ಗಳು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಇರುವವರು ಲಿಂಕ್ ಹಾಕಲಿ.

ಈಗ ಮಾಳಿಗೆಯ ಅಂಕಿಗೆ ಬೇರೆಯೇ ಗ್ರೂಪ್ ಇದೆ. 'ನಿನ್ನೆ', 'ಇವತ್ತು' ಎರಡೂ ಯಾವಾಗಲೂ ಖಾಲಿ. ಮೌಂಟ್ ಮಾಡುವ ಮುಂಚೆ ಗ್ರೂಪ್ ಖಾಲಿ ಇದೆಯಾ ಅಂತ ನೋಡುವ ಒಂದು ಸಾಲನ್ನೂ ಸ್ಕ್ರಿಪ್ಟ್‌ಗೆ ಸೇರಿಸಿದ್ದೇನೆ. ಆ ಸಾಲು ಲೈಬ್ರರಿಯಲ್ಲೇ ಇದ್ದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.